ಹೈಡ್ರೋಜನ್, ಆಕ್ಸಿಜನ್‌ನಿಂದ ನೇರವಾಗಿ ಪೆರಾಕ್ಸೈಡ್: ಮಾಡುವುದು, ಉಳಿಸಿಕೊಳ್ಳುವುದು, ಅಳೆಯುವುದು

ಮೂರು ವಾರದಿಂದ ನಾನು ಅಳೆಯುತ್ತಿದ್ದದ್ದು ನನ್ನ ಕ್ಯಾಟಲಿಸ್ಟ್‌ನ (ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ಪುಡಿಯ) ಕೆಲಸವನ್ನೇ ಅಲ್ಲ ಅಂತ ಗೊತ್ತಾದದ್ದು ಒಂದು ಶುಕ್ರವಾರ ಸಂಜೆ. ಅವತ್ತು ಆಟೋಕ್ಲೇವ್‌ಗೆ, ಅಂದರೆ ಒತ್ತಡ ತಡೆಯುವ ಮುಚ್ಚಿದ ಪಾತ್ರೆಗೆ, ಮೆಥನಾಲ್ ಹಾಕಿದ್ದೆ, ನೀರು ಹಾಕಿದ್ದೆ, ಗ್ಯಾಸ್ ತುಂಬಿದ್ದೆ. ಪುಡಿ ಮಾತ್ರ ತೂಕದ ಕಾಗದದ ಮೇಲೇ ಉಳಿದಿತ್ತು. ಅರ್ಧ ಗಂಟೆ ಆದಮೇಲೆ ಟೈಟ್ರೇಷನ್ ಮಾಡಿ ಹೈಡ್ರೋಜನ್ ಪೆರಾಕ್ಸೈಡ್ ಎಷ್ಟಿದೆ ಅಂತ ಅಳೆದೆ. ಪೆರಾಕ್ಸೈಡ್ ಇತ್ತು! ಹಿಂದಿನ ದಿನ ಕ್ಯಾಟಲಿಸ್ಟ್ ಹಾಕಿ ಮಾಡಿದಾಗ ಬಂದದ್ದರ ಅರ್ಧಕ್ಕಿಂತ ಜಾಸ್ತಿ. ಹುಡುಕುತ್ತಾ ಹೋದಾಗ ಕಾರಣ ಸಿಕ್ಕಿತು. ಟೆಫ್ಲಾನ್ ಒಳಪಾತ್ರೆಯ ಗೀರುಗಳಲ್ಲಿ, ಕಲಕುವ ರೆಕ್ಕೆಯ ಬುಡದಲ್ಲಿ, ಹಿಂದಿನ ಪ್ರಯೋಗಗಳ ಪಲ್ಲೇಡಿಯಂ ಅಂಟಿಕೊಂಡು ಕೂತಿತ್ತು. ನನ್ನ ನೋಟ್‌ಬುಕ್‌ನ ಮೂರು ವಾರದ ಅಂಕಿಗಳಿಗೆ ಅಡ್ಡಗೆರೆ ಎಳೆದೆ.

ಅದಕ್ಕೇ ಈ ಬರಹ. ಕ್ಯಾಟಲಿಸ್ಟ್ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವರು, ನೇರ ಪೆರಾಕ್ಸೈಡ್ ತಯಾರಿಕೆಯನ್ನು ಮೊದಲ ಸಲ ಕೈಗೆತ್ತಿಕೊಂಡವರು, ನಾನು ಕಳೆದುಕೊಂಡ ವಾರಗಳನ್ನು ಕಳೆದುಕೊಳ್ಳಬಾರದು ಅಂತ ನನ್ನ ಆಸೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಒತ್ತಡದ ಗ್ಯಾಸ್‌ಗಳ ಕೆಲಸ. ಸರಿಯಾದ ಉಪಕರಣ, ಗಾಳಿ ಎಳೆಯುವ ಹುಡ್, ಗ್ಯಾಸ್ ಸೋರಿಕೆ ಹೇಳುವ ಅಲಾರಂ, ಪಕ್ಕದಲ್ಲಿ ಅನುಭವ ಇರುವ ಒಬ್ಬರು, ಇಷ್ಟು ಇಲ್ಲದೆ ಮಾಡಲೇಬೇಡಿ. ಮನೆಯಲ್ಲಂತೂ ಇದರ ಯೋಚನೆಯೇ ಬೇಡ.

ಯಾಕೆ ಇಷ್ಟು ಒದ್ದಾಟ?

ಪೆರಾಕ್ಸೈಡ್ ಹೊಸದೇನಲ್ಲ. 1818ರಲ್ಲಿ ಫ್ರಾನ್ಸ್‌ನ ತೆನಾರ್ ಬೇರಿಯಂ ಪೆರಾಕ್ಸೈಡ್‌ನಿಂದ ಅದನ್ನು ಮಾಡಿದ್ದರು. ಇವತ್ತು ಜಗತ್ತಿನ ಹೆಚ್ಚುಕಮ್ಮಿ ಎಲ್ಲ ಪೆರಾಕ್ಸೈಡ್ ಬರುವುದು ಆಂತ್ರಕ್ವಿನೋನ್ ದಾರಿಯಲ್ಲಿ. ದೊಡ್ಡ ಸಾವಯವ ಅಣು ಒಂದಕ್ಕೆ ಮೊದಲು ಹೈಡ್ರೋಜನ್ ಸೇರಿಸುತ್ತಾರೆ. ಆಮೇಲೆ ಗಾಳಿ ಹಾಯಿಸಿ ಆ ಹೈಡ್ರೋಜನ್ ಅನ್ನು ಪೆರಾಕ್ಸೈಡ್ ಆಗಿ ಬಿಡಿಸಿಕೊಳ್ಳುತ್ತಾರೆ. ಹೈಡ್ರೋಜನ್, ಆಕ್ಸಿಜನ್ ಎರಡೂ ಒಂದೇ ಪಾತ್ರೆಯಲ್ಲಿ ಎದುರಾಗುವುದೇ ಇಲ್ಲ. ಅದು ಆ ದಾರಿಯ ದೊಡ್ಡ ಗುಣ. ಆದರೆ ಕಾರ್ಖಾನೆ ದೊಡ್ಡದಾಗಿದ್ದರೆ ಮಾತ್ರ ಅದು ಗಿಟ್ಟುತ್ತದೆ. ಹಾಗಾಗಿ ನೀರು ಕಮ್ಮಿ ಇರುವ ಸಾಂದ್ರ ಪೆರಾಕ್ಸೈಡ್ ಮಾಡಿ, ದೂರ ಸಾಗಿಸಿ, ಅಲ್ಲಿ ಮತ್ತೆ ನೀರು ಬೆರೆಸಿ ತೆಳ್ಳಗೆ ಮಾಡುತ್ತಾರೆ. ಬೇಕಾದ ಜಾಗದಲ್ಲೇ, ಬೇಕಾದಷ್ಟೇ ತೆಳ್ಳಗಿನ ಪೆರಾಕ್ಸೈಡ್ ಮಾಡಿಕೊಳ್ಳಲು ಆದರೆ ಎಷ್ಟು ಚೆಂದ ಅಲ್ವಾ? ಪಲ್ಲೇಡಿಯಂ ಬಳಸಿ ಎರಡು ಗ್ಯಾಸ್‌ಗಳನ್ನು ನೇರವಾಗಿ ಸೇರಿಸುವ ವಿಧಾನಕ್ಕೆ ಹೆಂಕೆಲ್ ಮತ್ತು ವೆಬರ್ 1914ರಲ್ಲೇ ಪೇಟೆಂಟ್ ಪಡೆದಿದ್ದರು. ನೂರು ವರ್ಷ ದಾಟಿದರೂ ನಾವಿನ್ನೂ ಅದರ ಹಿಂದೆಯೇ ಇದ್ದೇವೆ.

ಕಾರಣ ಇಷ್ಟೇ. ಪೆರಾಕ್ಸೈಡ್ ಹುಟ್ಟಿಸುವ ಕ್ಯಾಟಲಿಸ್ಟೇ ಅದನ್ನು ತಿಂದೂ ಹಾಕುತ್ತದೆ. ಹೈಡ್ರೋಜನ್, ಆಕ್ಸಿಜನ್ ಸೇರಿದಾಗ ಪ್ರಕೃತಿಗೆ ಇಷ್ಟವಾದ ಕೊನೆ ನೀರು, ಪೆರಾಕ್ಸೈಡ್ ಅಲ್ಲ. ಪೆರಾಕ್ಸೈಡ್ ಆದರೆ ಮೋಲ್‌ಗೆ ಸುಮಾರು 120 ಕಿಲೋಜೂಲ್ ಮುಕ್ತ ಶಕ್ತಿ ಇಳಿಯುತ್ತದೆ. ನೀರಾದರೆ ಸುಮಾರು 237. ಆದ ಪೆರಾಕ್ಸೈಡ್ ಕೂಡ ಸುಮ್ಮನಿರುವುದಿಲ್ಲ. ತಾನೇ ಒಡೆದು ನೀರು, ಆಕ್ಸಿಜನ್ ಆಗಬಹುದು. ಇಲ್ಲವೇ ಇನ್ನೊಂದು ಹೈಡ್ರೋಜನ್ ಹಿಡಿದು ಎರಡು ನೀರಾಗಬಹುದು. ಮೊದಲನೆಯದನ್ನು ವಿಭಜನೆ ಅನ್ನುತ್ತೇವೆ, ಎರಡನೆಯದನ್ನು ಹೈಡ್ರೋಜನೇಷನ್. ಇಡೀ ಕೆಲಸದಲ್ಲಿ ನಿಮ್ಮ ಕಣ್ಣು ಈ ಎರಡು ಕಳ್ಳರ ಮೇಲೇ ಇರಬೇಕು.

ಗ್ಯಾಸ್ ಲೆಕ್ಕ

ಹೈಡ್ರೋಜನ್ ಗಾಳಿಯಲ್ಲಿ 4ರಿಂದ 75 ಪರ್ಸೆಂಟ್ ಇದ್ದರೆ ಹೊತ್ತಿಕೊಳ್ಳುತ್ತದೆ. ಶುದ್ಧ ಆಕ್ಸಿಜನ್‌ನಲ್ಲಿ ಮೇಲಿನ ಮಿತಿ 90 ದಾಟುತ್ತದೆ. ಹೊತ್ತಿಸಲು ಬೇಕಾದ ಕಿಡಿಯೋ ತೀರಾ ಸಣ್ಣದು. ಜೊತೆಗೆ ಪಲ್ಲೇಡಿಯಂ ಇದ್ದರೆ ಕಿಡಿ ಕೂಡ ಬೇಕಿಲ್ಲ. ಹಾಗಾಗಿ ಶುದ್ಧ ಹೈಡ್ರೋಜನ್, ಶುದ್ಧ ಆಕ್ಸಿಜನ್ ಸಿಲಿಂಡರ್‌ಗಳನ್ನು ಈ ಪ್ರಯೋಗದ ಹತ್ತಿರ ತರಬೇಡಿ. ಕಾರ್ಬನ್ ಡೈಆಕ್ಸೈಡ್‌ನಲ್ಲಿ 5 ಪರ್ಸೆಂಟ್ ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್‌ನಲ್ಲಿ 25 ಪರ್ಸೆಂಟ್ ಆಕ್ಸಿಜನ್, ಹೀಗೆ ಮೊದಲೇ ಬೆರೆಸಿ ಬರುವ ಸಿಲಿಂಡರ್‌ಗಳನ್ನೇ ತರಿಸಿ. ನೀವೇ ಬೆರೆಸಲು ಹೋಗಬೇಡಿ.

ಬ್ರಿಟನ್‌ನ ಕಾರ್ಡಿಫ್ ವಿಶ್ವವಿದ್ಯಾಲಯದ ಹಚಿಂಗ್ಸ್ ಅವರ ತಂಡ ರೂಢಿಗೆ ತಂದ ಅಳತೆಗಳನ್ನು ಬಹಳ ಜನ ಬಳಸುತ್ತಾರೆ. ನಾನೂ ಅದರಿಂದಲೇ ಶುರು ಮಾಡಿದೆ. ಹೈಡ್ರೋಜನ್ ಮಿಶ್ರಣ 29 ಬಾರ್, ಅದರ ಮೇಲೆ ಆಕ್ಸಿಜನ್ ಮಿಶ್ರಣ 11 ಬಾರ್, ಒಟ್ಟು 40. ಈಗ ಲೆಕ್ಕ ಹಾಕಿ. 29ರ 5 ಪರ್ಸೆಂಟ್ ಅಂದರೆ 1.45 ಬಾರ್ ಹೈಡ್ರೋಜನ್. 40ರಲ್ಲಿ ಅದು 3.6 ಪರ್ಸೆಂಟ್. 11ರ ಕಾಲು ಭಾಗ 2.75 ಬಾರ್ ಆಕ್ಸಿಜನ್. ಅದು ಸುಮಾರು 7 ಪರ್ಸೆಂಟ್. ಮಿಕ್ಕಿದ್ದೆಲ್ಲ ಕಾರ್ಬನ್ ಡೈಆಕ್ಸೈಡ್. ಹೈಡ್ರೋಜನ್ 4ರ ಕೆಳಗೇ ಉಳಿಯಿತು. ಒತ್ತಡ ಬದಲಿಸಬೇಕು ಅನಿಸಿದಾಗಲೆಲ್ಲ ಈ ಲೆಕ್ಕವನ್ನು ಕಾಗದದ ಮೇಲೆ ಮತ್ತೆ ಮಾಡಿ, ಇನ್ನೊಬ್ಬರಿಗೆ ತೋರಿಸಿ, ಆಮೇಲೆ ವಾಲ್ವ್ ಮುಟ್ಟಿ.

ಕಾರ್ಬನ್ ಡೈಆಕ್ಸೈಡ್ ಇಲ್ಲಿ ಸುಮ್ನೆ ಜಾಗ ತುಂಬುವ ಗ್ಯಾಸ್ ಅಲ್ಲ. ಅದು ದ್ರವದಲ್ಲಿ ಕರಗಿ ಕಾರ್ಬೋನಿಕ್ ಆಮ್ಲ ಆಗುತ್ತದೆ. ಪೆರಾಕ್ಸೈಡ್‌ಗೆ ಸ್ವಲ್ಪ ಹುಳಿ ವಾತಾವರಣ ಹಿತ. ಪ್ರತ್ಯಾಮ್ಲ ಸಿಕ್ಕರೆ ಬೇಗ ಒಡೆಯುತ್ತದೆ. ಹೈಡ್ರೋಕ್ಲೋರಿಕ್ ಆಮ್ಲ, ಬ್ರೋಮೈಡ್ ಉಪ್ಪು ಹಾಕಿಯೂ ಒಡೆಯುವುದನ್ನು ತಡೆಯಬಹುದು. ತುಂಬಾ ಕಡೆ ಹಾಗೇ ಮಾಡಿದ್ದಾರೆ. ಆದರೆ ಅವು ಲೋಹವನ್ನು ಕರಗಿಸುತ್ತವೆ, ಸ್ಟೀಲ್ ತಿನ್ನುತ್ತವೆ, ಕೊನೆಗೆ ಪೆರಾಕ್ಸೈಡ್‌ನಿಂದ ಅವನ್ನು ಬೇರೆ ಮಾಡಬೇಕಾಗುತ್ತದೆ. ಕಲಿಯುವ ಹಂತದಲ್ಲಿ ಅವನ್ನು ದೂರ ಇಡಿ.

ಕ್ಯಾಟಲಿಸ್ಟ್

ಮೊದಲ ಸಲಕ್ಕೆ ಚಿನ್ನ–ಪಲ್ಲೇಡಿಯಂ ಜೋಡಿಯನ್ನು ಟೈಟಾನಿಯಂ ಡೈಆಕ್ಸೈಡ್ ಪುಡಿಯ ಮೇಲೆ ಕೂರಿಸಿ. ಎಲ್ಲರೂ ಹೋಲಿಸಿ ನೋಡುವ ಕ್ಯಾಟಲಿಸ್ಟ್ ಇದು. ನಿಮ್ಮ ಅಂಕಿ ಹತ್ತಿರ ಬಂತೋ ಇಲ್ಲವೋ ಅಂತ ತಕ್ಷಣ ಗೊತ್ತಾಗುತ್ತದೆ. ಒಂದು ಗ್ರಾಂ ಕ್ಯಾಟಲಿಸ್ಟ್‌ಗೆ 25 ಮಿಲಿಗ್ರಾಂ ಚಿನ್ನ, 25 ಮಿಲಿಗ್ರಾಂ ಪಲ್ಲೇಡಿಯಂ, 950 ಮಿಲಿಗ್ರಾಂ ಟೈಟಾನಿಯಂ ಡೈಆಕ್ಸೈಡ್. ಪಲ್ಲೇಡಿಯಂ ಕ್ಲೋರೈಡ್‌ನಲ್ಲಿ ಪಲ್ಲೇಡಿಯಂ ಇರುವುದು 60 ಪರ್ಸೆಂಟ್ ಮಾತ್ರ. ಹಾಗಾಗಿ 25 ಮಿಲಿಗ್ರಾಂ ಬೇಕಾದರೆ ಸುಮಾರು 42 ಮಿಲಿಗ್ರಾಂ ಕ್ಲೋರೈಡ್ ತೂಗಬೇಕು. ಅದು ಬರೀ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಒಂದೆರಡು ಹನಿ ತೆಳು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಬೆಚ್ಚಗೆ ಮಾಡಿ. ತಳದಲ್ಲಿ ಕಂದು ಪುಡಿ ಉಳಿದಿದ್ದರೆ ಇನ್ನೂ ಆಗಿಲ್ಲ ಅಂತ ಅರ್ಥ. ಅವಸರ ಮಾಡಿದರೆ ಮುಂದಿನ ಎಲ್ಲ ಅಂಕಿಗಳೂ ಅಲ್ಲೇ ಹಾಳಾಗುತ್ತವೆ.

ಎರಡು ಲೋಹಗಳ ದ್ರಾವಣ ಸೇರಿಸಿ, 80 ಡಿಗ್ರಿಯಲ್ಲಿ ಕಲಕುತ್ತಾ ಟೈಟಾನಿಯಂ ಡೈಆಕ್ಸೈಡ್ ಹಾಕಿ. ನೀರು ಆರಿ ದೋಸೆ ಹಿಟ್ಟಿನ ಹದ ದಾಟಿ ಗಟ್ಟಿ ಪೇಸ್ಟ್ ಆಗುವವರೆಗೆ ಕಲಕುತ್ತಲೇ ಇರಿ. ಆಮೇಲೆ 110 ಡಿಗ್ರಿಯಲ್ಲಿ ಒಂದು ರಾತ್ರಿ ಒಣಗಿಸಿ, ಅರೆದು, ಗಾಳಿಯಲ್ಲಿ 400 ಡಿಗ್ರಿಗೆ ಮೂರು ಗಂಟೆ ಸುಡಿ. ಈ ಸುಡುವ ಹಂತ ಬಿಡಬೇಡಿ. ಬರೀ ಒಣಗಿಸಿದ ಪುಡಿ ಮೊದಲ ಸಲ ಜಾಸ್ತಿ ಪೆರಾಕ್ಸೈಡ್ ಕೊಟ್ಟು ನಿಮ್ಮನ್ನು ಖುಷಿಪಡಿಸುತ್ತದೆ. ಎರಡನೇ ಸಲ ಬಿದ್ದುಹೋಗುತ್ತದೆ. ಲೋಹ ದ್ರವಕ್ಕೆ ಇಳಿದು ಹೋಗಿರುತ್ತದೆ.

ಚಿನ್ನ ಯಾಕೆ? ಪೆರಾಕ್ಸೈಡ್ ಆಗಬೇಕಾದರೆ ಆಕ್ಸಿಜನ್‌ನ ಎರಡು ಪರಮಾಣುಗಳು ಕೈ ಬಿಡಬಾರದು. ಅಮೆರಿಕದ ರಸಾಯನಶಾಸ್ತ್ರಜ್ಞ ಲನ್ಸ್‌ಫರ್ಡ್ ಅವರ ತಂಡ ಆಕ್ಸಿಜನ್‌ನ ಎರಡು ಐಸೊಟೋಪ್‌ಗಳನ್ನು (ತೂಕ ಮಾತ್ರ ಬೇರೆ ಇರುವ ರೂಪಗಳನ್ನು) ಬೆರೆಸಿ ಹಾಯಿಸಿ ನೋಡಿತ್ತು. ಬಂದ ಪೆರಾಕ್ಸೈಡ್‌ನಲ್ಲಿ ಜೋಡಿಗಳು ಹಾಗೇ ಇದ್ದವು, ಒಂದಕ್ಕೊಂದು ಅದಲುಬದಲಾಗಿರಲಿಲ್ಲ. ಅಂದರೆ ಪೆರಾಕ್ಸೈಡ್ ಆಗುವಾಗ ಆ ಬಂಧ ಮುರಿಯುವುದಿಲ್ಲ. ಮುರಿದರೆ ಅದು ನೀರಾಗುತ್ತದೆ. ಪಲ್ಲೇಡಿಯಂನ ಮೇಲ್ಮೈಗೆ ಆ ಬಂಧ ಮುರಿಯುವ ಚಟ ಇದೆ. ಪಕ್ಕದಲ್ಲಿ ಚಿನ್ನ ಬಂದು ಕೂತರೆ ಚಟ ಕಮ್ಮಿಯಾಗುತ್ತದೆ. 2009ರಲ್ಲಿ ಇನ್ನೊಂದು ದಾರಿ ಕಂಡಿತು. ಲೋಹ ಕೂರಿಸುವ ಇಂಗಾಲದ ಪುಡಿಯನ್ನು ಮೊದಲು ಆಮ್ಲದಲ್ಲಿ ತೊಳೆದು, ಆಮೇಲೆ ಚಿನ್ನ–ಪಲ್ಲೇಡಿಯಂ ಕೂರಿಸಿದರೆ ಹೈಡ್ರೋಜನೇಷನ್ ನಿಂತೇಹೋಯಿತು. 2016ರಲ್ಲಿ ಹಚಿಂಗ್ಸ್ ಅವರ ತಂಡದವರು ಚಿನ್ನದ ಬದಲು ಅಗ್ಗದ ತವರ ಬಳಸಿ, ಸರಿಯಾದ ಕ್ರಮದಲ್ಲಿ ಕಾಯಿಸಿ, ಖರ್ಚಾದ ಹೈಡ್ರೋಜನ್‌ನಲ್ಲಿ 95 ಪರ್ಸೆಂಟ್‌ಗಿಂತ ಜಾಸ್ತಿ ಪಾಲು ಪೆರಾಕ್ಸೈಡ್‌ಗೇ ಹೋಗುವಂತೆ ಮಾಡಿದರು. ಕೆಟ್ಟ ಕೆಲಸ ಮಾಡುವ ಸಣ್ಣ ಪಲ್ಲೇಡಿಯಂ ಕಣಗಳನ್ನು ತವರದ ಆಕ್ಸೈಡ್ ಮುಚ್ಚಿಹಾಕುತ್ತದೆ ಅನ್ನುವುದು ಅವರ ವಿವರಣೆ. ನನಗೆ ಈ ಕ್ಷೇತ್ರದಲ್ಲಿ ತುಂಬಾ ಇಷ್ಟವಾದ ವಿಷಯ ಇದು. ದುಬಾರಿ ಲೋಹ ಸೇರಿಸಿ ಗೆದ್ದದ್ದಲ್ಲ, ತಪ್ಪು ಮಾಡುವ ಜಾಗಕ್ಕೆ ಮುಚ್ಚಳ ಹಾಕಿ ಗೆದ್ದದ್ದು.

ಬ್ಲ್ಯಾಂಕ್ ಮೊದಲು, ಪ್ರಯೋಗ ಆಮೇಲೆ

ಹೊಸ ಕ್ಯಾಟಲಿಸ್ಟ್ ಹಾಕುವ ಮುಂಚೆ ಪ್ರತಿ ಸಲ ಪುಡಿ ಇಲ್ಲದೆ ಒಂದು ಓಟ, ಅಂದರೆ ಪ್ರಯೋಗದ ಒಂದು ಸುತ್ತು, ಮಾಡಿ. ಇದನ್ನೇ ಬ್ಲ್ಯಾಂಕ್ ಅನ್ನುವುದು. ಪೆರಾಕ್ಸೈಡ್ ಬಂದರೆ ಪಾತ್ರೆ ಕೊಳೆಯಾಗಿದೆ. ಆಗ ಟೆಫ್ಲಾನ್ ಒಳಪಾತ್ರೆಯನ್ನು ಹುಡ್‌ನಲ್ಲಿ ರಾಜದ್ರವದಿಂದ (ಹೈಡ್ರೋಕ್ಲೋರಿಕ್, ನೈಟ್ರಿಕ್ ಆಮ್ಲಗಳ ಮಿಶ್ರಣದಿಂದ) ತೊಳೆಯಬೇಕು. ಸ್ಟೀಲ್ ಭಾಗಗಳಿಗೆ ರಾಜದ್ರವ ಮುಟ್ಟಿಸಬಾರದು, ತಿಂದುಬಿಡುತ್ತದೆ. ಅವಕ್ಕೆ ತೆಳು ನೈಟ್ರಿಕ್ ಆಮ್ಲ ಸಾಕು. ಅದು ಸ್ಟೀಲ್ ಮೇಲೆ ಆಕ್ಸೈಡ್‌ನ ರಕ್ಷಣೆಯ ಪದರವನ್ನೂ ಕಟ್ಟುತ್ತದೆ. ತೊಳೆಯುವಾಗ ಮೆಥನಾಲ್‌ನ ಒಂದು ಹನಿಯೂ ಉಳಿದಿರಬಾರದು. ನೈಟ್ರಿಕ್ ಆಮ್ಲ, ಮೆಥನಾಲ್ ಸೇರಿದರೆ ಅಪಾಯ. ಮೊದಲು ನೀರಿನಲ್ಲಿ ಚೆನ್ನಾಗಿ ತೊಳೆದೇ ಆಮ್ಲ ಹಾಕಿ. ಗೀರು ಜಾಸ್ತಿ ಆಗಿದ್ದರೆ ಒಳಪಾತ್ರೆಯನ್ನೇ ಬದಲಿಸಿ. ನಾನು ಕೊನೆಗೆ ಹಾಗೇ ಮಾಡಬೇಕಾಯಿತು.

ಬ್ಲ್ಯಾಂಕ್ ಶುದ್ಧ ಬಂತಾ? ಇನ್ನು 5.6 ಗ್ರಾಂ ಮೆಥನಾಲ್, 2.9 ಗ್ರಾಂ ಶುದ್ಧ ನೀರು, 10 ಮಿಲಿಗ್ರಾಂ ಕ್ಯಾಟಲಿಸ್ಟ್. ಪುಡಿಯನ್ನು ಮೊದಲು ನೀರಿನಲ್ಲಿ ಒದ್ದೆ ಮಾಡಿ, ಆಮೇಲೆ ಮೆಥನಾಲ್ ಸುರಿಯಿರಿ. ಒಣ ಪಲ್ಲೇಡಿಯಂ ಮೇಲೆ ನೇರವಾಗಿ ಮೆಥನಾಲ್ ಬಿದ್ದರೆ ಹೊತ್ತಿಕೊಳ್ಳಬಹುದು. ಮುಚ್ಚಳ ಬಿಗಿ ಮಾಡಿ. ಕಾರ್ಬನ್ ಡೈಆಕ್ಸೈಡ್ ತುಂಬಿ ಬಿಡುವುದನ್ನು ಮೂರು ಸಲ ಮಾಡಿ, ಒಳಗಿನ ಗಾಳಿ ಹೋಗಲಿ. ಆಮೇಲೆ ಹೈಡ್ರೋಜನ್ ಮಿಶ್ರಣ, ಆಮೇಲೆ ಆಕ್ಸಿಜನ್ ಮಿಶ್ರಣ. ಸೋರಿಕೆ ನೋಡಿ. ಪಾತ್ರೆಯನ್ನು 2 ಡಿಗ್ರಿಗೆ ತಣ್ಣಗೆ ಮಾಡಿ. ಅಲ್ಲಿಯವರೆಗೆ ಕಲಕಬೇಡಿ. ಗ್ಯಾಸ್ ದ್ರವಕ್ಕೆ ಸರಿಯಾಗಿ ಇಳಿಯುವುದೇ ಕಲಕಿದಾಗ. ಆದ್ದರಿಂದ ಕಲಕುವ ಮೋಟಾರ್ ಒತ್ತಿದ ಕ್ಷಣವೇ ನಿಮ್ಮ ಸೊನ್ನೆ ನಿಮಿಷ. ನಿಮಿಷಕ್ಕೆ 1200 ಸುತ್ತು, 30 ನಿಮಿಷ.

ಎರಡು ಡಿಗ್ರಿ ಯಾಕೆ ಅಂದರೆ, ತಣ್ಣಗಿದ್ದಷ್ಟೂ ಪೆರಾಕ್ಸೈಡ್ ಉಳಿಯುತ್ತದೆ. ಬಿಸಿ ಮಾಡಿದರೆ ಹುಟ್ಟುವ ವೇಗವೂ ಏರುತ್ತದೆ, ಸಾಯುವ ವೇಗವೂ ಏರುತ್ತದೆ.

ಕೆಂಪಿನಿಂದ ತಿಳಿ ನೀಲಿಗೆ

ಓಟ ಮುಗಿದ ಮೇಲೆ ಒತ್ತಡವನ್ನು ಹುಡ್‌ಗೆ ನಿಧಾನವಾಗಿ ಬಿಡಿ. ದ್ರವವನ್ನು ತಕ್ಷಣ ಸೋಸಿ. ಕ್ಯಾಟಲಿಸ್ಟ್ ಒಳಗೇ ಇದ್ದರೆ ನೀವು ಚಹಾ ಕುಡಿದು ಬರುವಷ್ಟರಲ್ಲಿ ಅದು ಇನ್ನಷ್ಟು ಪೆರಾಕ್ಸೈಡ್ ತಿಂದಿರುತ್ತದೆ.

ಟೈಟ್ರೇಷನ್‌ಗೆ ಸೀರಿಯಂ ಸಲ್ಫೇಟ್ ಬಳಸಿ. ಪರ್ಮಾಂಗನೇಟ್ ಮೆಥನಾಲ್ ಜೊತೆಗೂ ನಿಧಾನವಾಗಿ ಕೆಲಸ ಮಾಡುತ್ತದೆ, ಅಂಕಿ ಉಬ್ಬುತ್ತದೆ. ಅರ್ಧ ಗ್ರಾಂ ಸೋಸಿದ ದ್ರವ ತೂಗಿ, ತೆಳು ಗಂಧಕಾಮ್ಲ ಸೇರಿಸಿ, ಬಣ್ಣ ಬದಲಿಸಿ ಕೊನೆ ತೋರಿಸುವ ಫೆರೋಯಿನ್ ಎರಡು ಹನಿ ಹಾಕಿ. ದ್ರವ ಕಿತ್ತಳೆ ಬೆರೆತ ಕೆಂಪಾಗುತ್ತದೆ. ಫ್ಲಾಸ್ಕ್ ಕೆಳಗೆ ಬಿಳಿ ಕಾಗದ ಇಡಿ. ಬ್ಯೂರೆಟ್‌ನಿಂದ ಸೀರಿಯಂ ಹನಿ ಬಿದ್ದ ಜಾಗದಲ್ಲಿ ಸಣ್ಣ ನೀಲಿ ಮೋಡ ಕಾಣುತ್ತದೆ, ಅಲುಗಾಡಿಸಿದರೆ ಮಾಯ. ಮೊದಮೊದಲು ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗುತ್ತದೆ. ಕೊನೆ ಹತ್ತಿರ ಬಂದಾಗ ಎರಡು ಸೆಕೆಂಡ್ ನಿಲ್ಲುತ್ತದೆ. ಅಲ್ಲಿಂದ ಒಂದೊಂದೇ ಹನಿ, ಆಮೇಲೆ ಅರ್ಧ ಹನಿ. ಅರ್ಧ ಹನಿಯನ್ನು ಬ್ಯೂರೆಟ್ ತುದಿಯಲ್ಲಿ ನಿಲ್ಲಿಸಿ, ಫ್ಲಾಸ್ಕ್ ಗೋಡೆಗೆ ತಾಗಿಸಿ, ನೀರಿನಿಂದ ಒಳಗೆ ತೊಳೆಯಿರಿ. ಕೆಂಪು ಪೂರ್ತಿ ಹೋಗಿ ತಿಳಿ ನೀಲಿ ನಿಂತರೆ ಮುಗಿಯಿತು. ನಾನು ಒಂದು ದ್ರವಕ್ಕೆ ಮೂರು ಸಲ ಮಾಡುತ್ತೇನೆ. ಸೀರಿಯಂ ದ್ರಾವಣದ ಸಾಂದ್ರತೆಯನ್ನೂ ಬಾಟಲಿಯ ಚೀಟಿ ನಂಬದೆ ಆಗಾಗ ಪರೀಕ್ಷಿಸಿಕೊಳ್ಳಿ.

ಈಗ ಲೆಕ್ಕ. ಮಿಲಿಲೀಟರ್‌ಗೆ 0.01 ಮಿಲಿಮೋಲ್ ಇರುವ ಸೀರಿಯಂ 3.76 ಮಿಲಿಲೀಟರ್ ಹೋಯಿತು ಅಂದುಕೊಳ್ಳಿ. ಅಂದರೆ 0.0376 ಮಿಲಿಮೋಲ್ ಸೀರಿಯಂ. ಒಂದು ಪೆರಾಕ್ಸೈಡ್‌ಗೆ ಎರಡು ಸೀರಿಯಂ ಬೇಕು. ಅರ್ಧ ಮಾಡಿದರೆ 0.0188 ಮಿಲಿಮೋಲ್ ಪೆರಾಕ್ಸೈಡ್. ಇದು ಅರ್ಧ ಗ್ರಾಂನಲ್ಲಿ. ಒಟ್ಟು ದ್ರವ 8.5 ಗ್ರಾಂ, ಹಾಗಾಗಿ 17ರಿಂದ ಗುಣಿಸಿ. 0.32 ಮಿಲಿಮೋಲ್ ಬಂತು. ಇದನ್ನು 10 ಮಿಲಿಗ್ರಾಂ ಕ್ಯಾಟಲಿಸ್ಟ್‌ಗೆ, ಅರ್ಧ ಗಂಟೆಗೆ ಭಾಗಿಸಿದರೆ ಕಿಲೋಗ್ರಾಂಗೆ ಗಂಟೆಗೆ 64 ಮೋಲ್. ಈ ಕ್ಯಾಟಲಿಸ್ಟ್‌ಗೆ ಕಾರ್ಡಿಫ್‌ನವರು ಪ್ರಕಟಿಸಿರುವ ಅಂಕಿಯೂ ಇದೇ. ಕೇಳಲು ದೊಡ್ಡದು ಅನಿಸುತ್ತದೆ. ಆದರೆ ನಿಮ್ಮ ಪಾತ್ರೆಯಲ್ಲಿ ಇರುವುದು 11 ಮಿಲಿಗ್ರಾಂ ಪೆರಾಕ್ಸೈಡ್, ತೂಕದಲ್ಲಿ 0.13 ಪರ್ಸೆಂಟ್ ಅಷ್ಟೇ. ಎರಡನ್ನೂ ಬರೆದಿಡಿ.

ಕಳ್ಳರನ್ನು ಬೇರೆಯಾಗಿ ಹಿಡಿಯಿರಿ

ತುಂಬಾ ಜನ ಇಲ್ಲಿಗೆ ನಿಲ್ಲಿಸುತ್ತಾರೆ. ನಿಲ್ಲಿಸಬೇಡಿ. 64 ಅನ್ನುವುದು ಹುಟ್ಟಿದ್ದರಲ್ಲಿ ಸತ್ತದ್ದು ಕಳೆದು ಉಳಿದ ಅಂಕಿ. ಒಂದು ಕ್ಯಾಟಲಿಸ್ಟ್ 70 ಹುಟ್ಟಿಸಿ 6 ತಿಂದಿರಬಹುದು. ಇನ್ನೊಂದು 200 ಹುಟ್ಟಿಸಿ 136 ತಿಂದಿರಬಹುದು. ಬ್ಯೂರೆಟ್‌ಗೆ ಎರಡೂ ಒಂದೇ.

ಅದಕ್ಕೆ ಇನ್ನೊಂದು ಓಟ ಬೇಕು. ಅಂಗಡಿಯಿಂದ ಬಂದ ಪೆರಾಕ್ಸೈಡ್ ತೆಳ್ಳಗೆ ಮಾಡಿ, ಅದೇ ಮೆಥನಾಲ್–ನೀರಿನ 8.5 ಗ್ರಾಂನಲ್ಲಿ 4 ಪರ್ಸೆಂಟ್ ಇರುವಂತೆ ಶುರು ಮಾಡಿ. ಅದು 10 ಮಿಲಿಮೋಲ್. ಆಕ್ಸಿಜನ್ ಹಾಕಬೇಡಿ, ಹೈಡ್ರೋಜನ್ ಮಿಶ್ರಣ 29 ಬಾರ್ ಮಾತ್ರ. ಮಿಕ್ಕಿದ್ದೆಲ್ಲ ಹಾಗೇ. ಅರ್ಧ ಗಂಟೆ ಆದಮೇಲೆ 9.2 ಮಿಲಿಮೋಲ್ ಉಳಿದಿದ್ದರೆ 0.8 ಹೋಯಿತು. ಅಂದರೆ ಕಿಲೋಗ್ರಾಂಗೆ ಗಂಟೆಗೆ 160 ಮೋಲ್ ನಾಶ. ಇದೇ ಓಟವನ್ನು ಹೈಡ್ರೋಜನ್ ಇಲ್ಲದೆ ಬರೀ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಮತ್ತೆ ಮಾಡಿದರೆ ವಿಭಜನೆಯ ಪಾಲು ಬೇರೆ ಸಿಗುತ್ತದೆ. 64ರಿಂದ 160 ಕಳೆಯಲು ಮಾತ್ರ ಹೋಗಬೇಡಿ. ಒಂದು ಓಟದಲ್ಲಿ ಪೆರಾಕ್ಸೈಡ್ ಸೊನ್ನೆಯಿಂದ ಏರುತ್ತದೆ, ಇನ್ನೊಂದರಲ್ಲಿ 4 ಪರ್ಸೆಂಟ್‌ನಿಂದ ಇಳಿಯುತ್ತದೆ. ಎರಡು ಬೇರೆ ಸ್ಥಿತಿ. ಒಂದು ಕ್ಯಾಟಲಿಸ್ಟನ್ನು ಇನ್ನೊಂದರ ಪಕ್ಕ ಇಟ್ಟು ನೋಡಲು ಮಾತ್ರ ಈ ಅಂಕಿ.

ಹೈಡ್ರೋಜನ್ ಎಷ್ಟು ಖರ್ಚಾಯಿತು ಅಂತ ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನಲ್ಲಿ (ಗ್ಯಾಸ್‌ಗಳನ್ನು ಬೇರೆ ಮಾಡಿ ಅಳೆಯುವ ಯಂತ್ರದಲ್ಲಿ) ನೋಡಿ. 0.48 ಮಿಲಿಮೋಲ್ ಖರ್ಚಾಗಿ 0.32 ಪೆರಾಕ್ಸೈಡ್ ಸಿಕ್ಕಿದ್ದರೆ ಮೂರರಲ್ಲಿ ಎರಡು ಪಾಲು ಒಳ್ಳೆ ದಾರಿಗೆ ಹೋಗಿದೆ, ಒಂದು ಪಾಲು ನೀರಾಗಿದೆ. ಐದು ನಿಮಿಷದ ಓಟವನ್ನೂ ಒಂದು ಮಾಡಿ. ಕ್ಯಾಟಲಿಸ್ಟ್‌ನ ನಿಜವಾದ ಮೊದಲ ವೇಗ ಗೊತ್ತಾಗುವುದು ಅಲ್ಲೇ. ಪೆರಾಕ್ಸೈಡ್ ಇನ್ನೂ ಕಮ್ಮಿ ಇರುತ್ತದೆ, ತಿನ್ನಲು ಕಳ್ಳರಿಗೆ ಏನೂ ಸಿಕ್ಕಿರುವುದಿಲ್ಲ.

ಕೊನೆಯದು ಮರುಬಳಕೆ. ಹತ್ತು ಮಿಲಿಗ್ರಾಂ ಪುಡಿಯನ್ನು ಸೋಸಿ ಮತ್ತೆ ತೂಗುವುದು ಕಷ್ಟ, ಕಾಗದಕ್ಕೇ ಅರ್ಧ ಅಂಟುತ್ತದೆ. ಆದ್ದರಿಂದ ಐದಾರು ಪಟ್ಟು ಜಾಸ್ತಿ ಪುಡಿ ಹಾಕಿ ಮೊದಲ ಓಟ ಮಾಡಿ. ಸೋಸಿ, ಒಣಗಿಸಿ, ಅದರಿಂದ 10 ಮಿಲಿಗ್ರಾಂ ತೆಗೆದು ಎರಡನೇ ಓಟ ಮಾಡಿ. ಸೋಸಿದ ದ್ರವವನ್ನೂ ಬಿಸಾಡಬೇಡಿ. ಪುಡಿ ಇಲ್ಲದ ಆ ದ್ರವಕ್ಕೆ ಮತ್ತೆ ಗ್ಯಾಸ್ ತುಂಬಿ ಓಡಿಸಿ. ಪೆರಾಕ್ಸೈಡ್ ಇನ್ನೂ ಏರಿದರೆ ಪಲ್ಲೇಡಿಯಂ ಕರಗಿ ದ್ರವದಲ್ಲೇ ಕೆಲಸ ಮಾಡುತ್ತಿದೆ. ಆಮ್ಲ ಹಾಕಿದ ದ್ರಾವಣಗಳಲ್ಲಿ ಹೀಗೆ ಕರಗಿ ಕಣ ಕಟ್ಟಿದ ಪಲ್ಲೇಡಿಯಂ ನಿಜವಾದ ಕ್ಯಾಟಲಿಸ್ಟ್ ಆಗಿದ್ದದ್ದನ್ನು ಲನ್ಸ್‌ಫರ್ಡ್ ಅವರ ತಂಡವೇ ತೋರಿಸಿತ್ತು.

ಸೋಸಿದ ಪುಡಿಯ ಬಗ್ಗೆ ಒಂದು ಮಾತು ಉಳಿದಿದೆ. ಇಂಗಾಲದ ಮೇಲಿನ ಪಲ್ಲೇಡಿಯಂ ಅನ್ನು ಸೋಸಿ, ಫನೆಲ್‌ನಲ್ಲೇ ಗಾಳಿ ಎಳೆಯಲು ಬಿಟ್ಟು ನಾನೊಮ್ಮೆ ಪಕ್ಕಕ್ಕೆ ತಿರುಗಿದ್ದೆ. ತಿರುಗಿ ನೋಡಿದಾಗ ಸೋಸು ಕಾಗದದ ಅಂಚಿನಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ ಹೊಳೆಯುತ್ತಿತ್ತು. ಬೆಂಕಿ ಇಲ್ಲ, ಹೊಗೆ ಇಲ್ಲ. ಚುಕ್ಕೆ ಮಾತ್ರ ಮೆಲ್ಲಗೆ ದೊಡ್ಡದಾಗುತ್ತಿತ್ತು. ಪಕ್ಕದಲ್ಲೇ ಮೆಥನಾಲ್ ಬಾಟಲಿ. ತೊಳೆಯುವ ಬಾಟಲಿಯಿಂದ ನೀರು ಹಾಯಿಸಿದೆ, ಚುಸ್ಸೆಂದು ಆರಿತು. ಪಲ್ಲೇಡಿಯಂ ಹೀರಿಕೊಂಡ ಹೈಡ್ರೋಜನ್, ಮೆಥನಾಲ್ ಆವಿ, ಹಾಯುವ ಗಾಳಿ, ಮೂರೂ ಅಲ್ಲಿ ಸೇರಿದ್ದವು. ಅವತ್ತಿನಿಂದ ಪುಡಿಯನ್ನು ಮೊದಲು ಧಾರಾಳವಾಗಿ ನೀರಿನಲ್ಲಿ ತೊಳೆಯುತ್ತೇನೆ. ಪೂರ್ತಿ ಒಣಗುವ ಮುಂಚೆಯೇ ಗಾಳಿ ಎಳೆಯುವುದು ನಿಲ್ಲಿಸುತ್ತೇನೆ. ಬಳಸಿ ಮುಗಿದ ಕಾಗದವನ್ನು ಕಸದ ಬುಟ್ಟಿಗೆ ಹಾಕದೆ, ನೀರು ತುಂಬಿದ, ‘ಪಲ್ಲೇಡಿಯಂ, ಒದ್ದೆಯಾಗಿಯೇ ಇಡಿ’ ಅಂತ ಚೀಟಿ ಅಂಟಿಸಿದ ಬಾಟಲಿಗೆ ಹಾಕುತ್ತೇನೆ.